ಮರದ ದೋಣಿ: ಕಾಸರಗೋಡು ಪ್ರದೇಶದ ನಿರ್ಮಾಣಕ್ರಮ ಮತ್ತು ಪಟ್ಟಿ ದೋಣಿ

ಒಂದೇ ದಿಮ್ಮಿಯನ್ನು ಕೊರೆದು, ಇಲ್ಲವೇ ಹಲವು ಮರದ ತುಂಡುಗಳನ್ನು ನೀರು ಒಸರದಂತೆ ಕೂಡಿಸಿ, ಹುಟ್ಟು, ಜಲ್ಲೆ ಅಥವಾ ಹಾಯಿಯ ಬಲದಿಂದ ನಡೆಸಲು ಕಟ್ಟಿದ ತೆರೆದ ಸಣ್ಣ ಜಲವಾಹನವೇ ಮರದ ದೋಣಿ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಚಾಚಿರುವ ಕಾಸರಗೋಡು ಜಿಲ್ಲೆಯ ಹೊಳೆ, ಅಳಿವೆ, ಹಿನ್ನೀರು ಮತ್ತು ಕಡಲ ದಡಗಳಲ್ಲಿ ಬಳಕೆಗೆ ಬಂದ ದೋಣಿಗಳನ್ನು ಕಟ್ಟುವ ಕ್ರಮವನ್ನು ನೋಡಿ ಕೊರೆದ ದೋಣಿ, ಹೊಲಿದ ದೋಣಿ, ಮೊಳೆ ಜೋಡಣೆಯ ಹಲಗೆ ದೋಣಿ, ಹೊದಿಕೆಯ ದೋಣಿ ಎಂದು ವಿಂಗಡಿಸಬಹುದು. ಮನೆಯಂಗಳದಲ್ಲೇ ಒಬ್ಬಿಬ್ಬರು ಕಟ್ಟಬಲ್ಲ ಪಟ್ಟಿ ದೋಣಿ ಕೊನೆಯ ವರ್ಗಕ್ಕೆ ಸೇರುತ್ತದೆ. ಇವು ಒಂದಕ್ಕೊಂದು ಸಂಬಂಧವಿಲ್ಲದ ಕಸುಬುಗಳಂತೆ ಕಂಡರೂ ಕೈಗೆ ಸಿಗುವ ಮರದ ತುಂಡು ಕಿರಿದಾಗುತ್ತ ಹೋದಂತೆ ದೋಣಿಯ ಗಟ್ಟಿತನದ ಹೊಣೆ ಮರದಿಂದ ಕೀಲಿಗೆ, ಕೀಲಿನಿಂದ ಮೈಲೇಪಕ್ಕೆ ಸರಿಯುತ್ತ ಬಂದಿದೆ. ಕೊರೆದ ದೋಣಿಗೆ ಎಣ್ಣೆ ಸವರುವುದು ಆಯುಸ್ಸಿನ ಪ್ರಶ್ನೆಯಾದರೆ, ಪಟ್ಟಿ ದೋಣಿಗೆ ಹೊದಿಕೆ ಹಾಕುವುದು ಅಳಿವು ಉಳಿವಿನ ಪ್ರಶ್ನೆ. ಈ ಸರಿಯುವಿಕೆಯನ್ನು ಹಿಡಿದು ನೋಡಿದಾಗ ಮಾತ್ರ ಕರಾವಳಿಯ ಹಳೆಯ ದೋಣಿಗಳೂ ಹೊರಗಿನಿಂದ ಬಂದ ಪಟ್ಟಿ ದೋಣಿಯೂ ಒಂದೇ ಸಾಲಿನಲ್ಲಿ ಅರ್ಥವಾಗುತ್ತವೆ.

ಪದಗಳು

ಕನ್ನಡದ ದೋಣಿ ಎಂಬ ಮಾತಿಗೆ ನೀರಿನ ಮೇಲೆ ತೇಲುವ ವಾಹನ ಎಂಬ ಅರ್ಥದ ಜೊತೆಗೆ ಕೊರೆದ ತೊಟ್ಟಿ, ನೀರು ಹರಿಸುವ ಮರಿಗೆಯಂಥ ಕಾಲುವೆ ಎಂಬ ಅರ್ಥವೂ ಇದೆ. ಕೊರೆಯುವ ಕೆಲಸದ ಗುರುತು ಪದದಲ್ಲೇ ಉಳಿದಿದೆ. ಜಿಲ್ಲೆಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತುಗಳು ಒಟ್ಟೊಟ್ಟಿಗೆ ನಡೆಯುವುದರಿಂದ ಒಂದೇ ದೋಣಿಗೆ ಹಲವು ಹೆಸರುಗಳುಂಟು. ತುಳುವಿನಲ್ಲಿ ಓಡ, ಮಲಯಾಳದಲ್ಲಿ ತೋಣಿ, ವಂಚಿ, ವಳ್ಳಂ. ದೋಣಿಯ ಮುಂತಲೆಯನ್ನು ಮಲಯಾಳದಲ್ಲಿ ಅಣಿಯಂ ಎಂದೂ ಹಿಂತಲೆಯನ್ನು ಅಮರಂ ಎಂದೂ ಕರೆಯುತ್ತಾರೆ. ದೋಣಿ ಹತ್ತಿ ಇಳಿಯುವ ಜಾಗಕ್ಕೆ ಕಡವು ಎಂಬ ಮಾತು ಕನ್ನಡ, ಮಲಯಾಳ ಎರಡರಲ್ಲೂ ಇದೆ. ಈ ಲೇಖನದಲ್ಲಿ ಕೊರೆದ ದೋಣಿ ಎಂದರೆ ಒಂದೇ ಮರದ ದೋಣಿ. ಹೊಲಿದ ದೋಣಿ ಎಂದರೆ ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದದ್ದು. ಹಲಗೆ ದೋಣಿ ಎಂದರೆ ಮೊಳೆಯಿಂದ ಕೂಡಿಸಿದ್ದು. ಪಟ್ಟಿ ದೋಣಿ ಎಂದರೆ ಬೆರಳಗಲದ ತೆಳು ಮರದ ಪಟ್ಟಿಗಳನ್ನು ಅಂಚಿಗೆ ಅಂಚು ಅಂಟಿಸಿ, ಒಳಗೂ ಹೊರಗೂ ಗಾಜುನಾರಿನ ಬಟ್ಟೆ ಮತ್ತು ಎಪಾಕ್ಸಿ ಎಂಬ ಕೃತಕ ರಾಳದ ಹೊದಿಕೆ ಹಾಕಿದ್ದು. ಹಲಗೆ ಮತ್ತು ಪಟ್ಟಿ ಎಂಬ ಎರಡು ಮಾತುಗಳನ್ನು ಬೆರೆಸಬಾರದು. ಹಲಗೆ ತಾನೇ ಭಾರ ಹೊರುತ್ತದೆ. ಪಟ್ಟಿ ಹೊದಿಕೆಯ ಜೊತೆ ಸೇರಿ ಮಾತ್ರ ಹೊರುತ್ತದೆ.

ನೆಲ ಮತ್ತು ನೀರು

ಸಣ್ಣ ಜಿಲ್ಲೆಯಾದರೂ ಕಾಸರಗೋಡಿನಲ್ಲಿ 12 ಹೊಳೆಗಳಿವೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಇಳಿದು ಬರುವ ಪಯಸ್ವಿನಿ, ಕಾಸರಗೋಡು ಪಟ್ಟಣದ ತೆಂಕಣ ಬದಿಯಲ್ಲಿ ಚಂದ್ರಗಿರಿ ಹೊಳೆ ಎನಿಸಿ ಕಡಲು ಸೇರುತ್ತದೆ. ಜಿಲ್ಲೆಯಲ್ಲಿ ಅತ್ಯಂತ ಉದ್ದವಾದದ್ದು ಅದೇ, ಸುಮಾರು 105 ಕಿ.ಮೀ. ಅತಿ ಚಿಕ್ಕದಾದ ಮಂಜೇಶ್ವರ ಹೊಳೆ ಕೇವಲ 16 ಕಿ.ಮೀ. ಇವಲ್ಲದೆ ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್ ಹೊಳೆಗಳು ಬಡಗಣ ಭಾಗದಲ್ಲೂ, ಚಿತ್ತಾರಿ, ನೀಲೇಶ್ವರ, ತೇಜಸ್ವಿನಿ ಎಂದೂ ಹೆಸರಾದ ಕಾರ್ಯಂಗೋಡು ಹೊಳೆಗಳು ತೆಂಕಣ ಭಾಗದಲ್ಲೂ ಹರಿಯುತ್ತವೆ. ಎಲ್ಲಕ್ಕಿಂತ ತೆಂಕಣಕ್ಕೆ, ಪಡನ್ನ, ವಲಿಯಪರಂಬ, ತೃಕ್ಕರಿಪುರಗಳನ್ನು ಬಳಸಿ ಕವ್ವಾಯಿ ಹಿನ್ನೀರು ಹರಡಿದೆ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಮಳೆಗಾಲದಲ್ಲಿ ರಭಸದ ಸಿಹಿನೀರು, ಬೇಸಗೆಯಲ್ಲಿ ಒಳನಾಡಿನವರೆಗೆ ಏರುವ ಉಪ್ಪುನೀರು, ಅಳಿವೆಯ ಬಾಗಿಲಲ್ಲಿ ವರ್ಷವರ್ಷ ಜಾಗ ಬದಲಿಸುವ ಹೊಯ್ಗೆದಿಬ್ಬ, ತೆರೆದ ಕಡಲಲ್ಲಿ ದಡಕ್ಕೆ ಬಡಿಯುವ ಅಲೆ: ಒಂದೇ ಆಕಾರದ ದೋಣಿ ಇವೆಲ್ಲಕ್ಕೂ ಒದಗುವುದಿಲ್ಲ. ಹಿನ್ನೀರಿನಲ್ಲಿ ಅಡಿ ಚಪ್ಪಟೆಯಾಗಿದ್ದು ಜಲ್ಲೆ ಊರಿ ನೂಕುವ ದೋಣಿ ಸಾಕು. ಅಲೆ ಸೀಳಿ ಹೋಗುವ ದೋಣಿಗೆ ಎರಡು ತುದಿಯೂ ಮೇಲೆದ್ದಿರಬೇಕು, ಬದಿಗಳು ಎತ್ತರವಿರಬೇಕು. ಬದಿ ಎತ್ತರಿಸಬೇಕಾದಲ್ಲಿ ಒಂದೇ ಮರ ಸಾಲದು. ಕೀಲಿನ ಪ್ರಶ್ನೆ ಹುಟ್ಟುವುದು ಅಲ್ಲೇ.

ಮೂಲ ಮತ್ತು ಇತಿಹಾಸ

ಮಲೆಯಾಳ ಕರಾವಳಿಯ ಕೊರೆದ ದೋಣಿಯ ಬಗ್ಗೆ ಸಿಗುವ ಹಳೆಯ ಬರಹದ ಸಾಕ್ಷ್ಯ ಕ್ರಿ.ಶ. 1ನೆಯ ಶತಮಾನದ ರೋಮನ್ ಬರಹಗಾರ ಪ್ಲಿನಿಯದು. ಕೊಟ್ಟನಾರ ಎಂಬ ನಾಡಿನ ಕರಿಮೆಣಸನ್ನು ಒಂಟಿಮರದ ದೋಣಿಗಳಲ್ಲಿ ರೇವಿಗೆ ತರುತ್ತಿದ್ದರೆಂದು ಅವನು ಬರೆದಿದ್ದಾನೆ. ಹೊಲಿಗೆಯ ವಿವರವಾದ ಸಾಕ್ಷ್ಯಗಳು ಅದಕ್ಕಿಂತ ಈಚಿನವು. 13ನೆಯ ಶತಮಾನದಲ್ಲಿ ಮಾರ್ಕೊ ಪೋಲೊ ಹೊರ್ಮುಜ್ ರೇವಿನಲ್ಲಿ ತೆಂಗಿನ ನಾರಿನಿಂದ ಹೊಲಿದು ಮೀನೆಣ್ಣೆ ಬಳಿದ ಹಡಗುಗಳನ್ನು ಕಂಡ. 14ನೆಯ ಶತಮಾನದಲ್ಲಿ ಮಂಗಳೂರು ಮತ್ತು ಏಳಿಮಲೆಯ ರೇವುಗಳನ್ನು ಹಾದುಹೋದ ಇಬ್ನ್ ಬತೂತ, ಭಾರತ ಮತ್ತು ಯೆಮೆನ್‌ಗಳ ಹಡಗುಗಳನ್ನು ಕತ್ತದ ಹುರಿಯಿಂದ ಹೊಲಿಯುವುದಕ್ಕೆ ಕಾರಣವನ್ನೂ ಕೊಟ್ಟಿದ್ದಾನೆ. ಕಬ್ಬಿಣದ ಮೊಳೆಯ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ ಎಂಬುದು ಅವನ ವಿವರಣೆ. ಏಳಿಮಲೆ ಕವ್ವಾಯಿ ಹಿನ್ನೀರಿನ ತೆಂಕಣ ಬದಿಗೇ ಇರುವುದರಿಂದ ಈ ಮಾತು ಕಾಸರಗೋಡಿನ ಹಿನ್ನೀರಿಗೆ ದೂರದ್ದಲ್ಲ.

ಮರ ಕಿರಿದಾದಂತೆ ಕೀಲು ಬೆಳೆಯಿತು ಎಂಬ ವಾದಕ್ಕೆ ಇಬ್ನ್ ಬತೂತನ ಮಾತೇ ಆಕ್ಷೇಪವಾಗಬಲ್ಲದು. ಹೊಲಿಗೆ ಹುಟ್ಟಿದ್ದು ದೊಡ್ಡ ಮರ ಸಿಗದ ಕೊರತೆಯಿಂದಲ್ಲ, ಬಾಗುವ ಗುಣಕ್ಕಾಗಿ ಎಂದು ಹೇಳಬಹುದು. ಪಶ್ಚಿಮಘಟ್ಟದ ಬುಡದಲ್ಲಿ ದೊಡ್ಡ ಮರಗಳಿಗೆ ಬರವಿರಲಿಲ್ಲ ಎಂಬುದೂ ನಿಜ. ಆದರೆ ಎರಡು ಕಾರಣಗಳು ಒಂದನ್ನೊಂದು ತಳ್ಳಿಹಾಕುವುದಿಲ್ಲ. ಎಷ್ಟೇ ದೊಡ್ಡ ಮರವಾದರೂ ದೋಣಿಯ ಅಗಲ ಕಾಂಡದ ಅಡ್ಡಳತೆಯನ್ನು ಮೀರಲಾರದು. ಸರಕು ಹೆಚ್ಚಾದಾಗ ಮೊದಲು ಬೇಕಾದದ್ದು ಕೊರೆದ ಬುಡದ ಮೇಲೆ ಒಂದು ಹಲಗೆ. ಅದನ್ನು ಕೂಡಿಸಲು ಹೊಲಿಗೆಯನ್ನೇ ಏಕೆ ಆರಿಸಿದರು ಎಂಬುದಕ್ಕೆ ಬಾಗುವ ಗುಣ ಉತ್ತರ. ಕೂಡಿಸಲೇಬೇಕಾದದ್ದು ಏಕೆ ಎಂಬುದಕ್ಕೆ ಮರದ ಅಳತೆ ಉತ್ತರ. ಆಲಪ್ಪುಳ ಜಿಲ್ಲೆಯ ತೈಕ್ಕಲ್ ಕಡಕ್ಕರಪ್ಪಳ್ಳಿಯಲ್ಲಿ 2002ರಲ್ಲಿ ಕೆಸರಿನಡಿ ಸಿಕ್ಕ ಮಧ್ಯಕಾಲದ ಹಡಗಿನ ಮೈ ಹೆಬ್ಬಲಸಿನ ಹಲಗೆಗಳದು. ಕೇರಳದ ದೋಣಿಗಳಿಗೆ ಇಂದಿಗೂ ಮೊದಲ ಆಯ್ಕೆ ಅದೇ ಮರ.

ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಹೀಗಾಗಿ ಇಲ್ಲಿನ ದೋಣಿಗಳ ಬಗೆಗಿನ ಹಳೆಯ ಮಾಹಿತಿ ಮದರಾಸು ಪ್ರಾಂತದ ದಾಖಲೆಗಳಲ್ಲಿ ಕೆನರಾ ಮತ್ತು ಮಲಬಾರ್ ಎಂಬ ಎರಡು ತಲೆಬರಹಗಳಡಿ ಹಂಚಿಹೋಗಿದೆ. ಆ ಪ್ರಾಂತದ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿ ವಿನ್ಯಾಸಗಳ ಮೂಲವನ್ನು ಕುರಿತು ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಅಡಿಗಲ್ಲು. 1907ರಲ್ಲಿ ರೈಲುಹಾದಿ ಮಂಗಳೂರು ಮುಟ್ಟುವವರೆಗೆ ಕರಾವಳಿಯುದ್ದಕ್ಕೂ ಸಾಗುವವರು ಹೊಳೆಹೊಳೆಗೂ ಕಡವಿಗಿಳಿಯಬೇಕಿತ್ತು. ಸೇತುವೆಗಳು ಬಂದಂತೆ ದಾಟಿಸುವ ದೋಣಿಗಳು ಕಡಿಮೆಯಾದವು, ಮೀನು, ಚಿಪ್ಪು, ಹೊಯ್ಗೆ, ತೆಂಗಿನಕಾಯಿಗಳ ದೋಣಿಗಳು ಮುಂದುವರಿದವು.

ಮರಗಳು

ದೋಣಿಯ ಮರಕ್ಕೆ ಬೇಕಾದ ಗುಣಗಳು ಮೂರು: ನೀರಿನಲ್ಲಿ ಕೊಳೆಯಬಾರದು, ಒಣಗಿ ನೆನೆಯುವಾಗ ಸೀಳಬಾರದು, ಹೊರಲು ಹಗುರವಿರಬೇಕು. ಮೂರೂ ಒಂದೇ ಮರದಲ್ಲಿ ಕೂಡಿ ಬರುವುದು ಅಪರೂಪ. ಹೆಬ್ಬಲಸು, ಅಂದರೆ ಆರ್ಟೊಕಾರ್ಪಸ್ ಹಿರ್ಸುಟಸ್, ಮಲಯಾಳದ ಆಂಞಿಲಿ ಅಥವಾ ಐನಿ, ಈ ಮೂರಕ್ಕೂ ತಕ್ಕಮಟ್ಟಿಗೆ ಒದಗುತ್ತದೆ. ಕಾಂಡ ನೆಟ್ಟಗೆ ಬೆಳೆಯುತ್ತದೆ, ತಿರುಳು ಹೊನ್ನಿನ ಕಂದು ಬಣ್ಣದ್ದು, ಕೊಳೆತ ಮತ್ತು ಗೆದ್ದಲು ತಡೆಯುವಂಥದು. ಕಾಡಿನಲ್ಲಷ್ಟೇ ಅಲ್ಲ, ಮನೆಯ ತೋಟದ ಅಂಚಿನಲ್ಲಿ ಕರಿಮೆಣಸಿನ ಬಳ್ಳಿ ಹಬ್ಬಿಸಿಕೊಂಡೂ ಇದು ನಿಲ್ಲುತ್ತದೆ. ತೇಗ ಇನ್ನೂ ಬಾಳಿಕೆಯದು, ಆದರೆ ದುಬಾರಿ. ಅದರ ಎಣ್ಣೆಯ ಅಂಶದಿಂದಾಗಿ ಅಂಟು ಹಿಡಿಸುವ ಮೊದಲು ಮೈಯನ್ನು ದ್ರಾವಕದಿಂದ ಒರೆಸಬೇಕು. ಕಿರಾಲುಬೋಗಿ ಗಟ್ಟಿ, ಭಾರ ಹೆಚ್ಚು. ಅಡಿಮರಕ್ಕೂ ಅಡ್ಡಮರಗಳಿಗೂ ಒಳ್ಳೆಯದು. ಸುರಹೊನ್ನೆಯ ನೆಟ್ಟನೆಯ ಕಾಂಡಗಳು ಕೂವೆಮರಗಳಾಗಿ ಕೆನರಾದಿಂದ ಹೊರದೇಶಗಳ ಹಡಗುಗಳಿಗೂ ಹೋಗುತ್ತಿದ್ದವು. ಮಾವಿನ ದೋಣಿ ಅಗ್ಗ, ಆಯುಸ್ಸು ಕಡಿಮೆ.

ಜಿಲ್ಲೆಯಲ್ಲಿ ಹೇರಳವಾಗಿ ಸಿಗುವ ಎರಡು ಮರಗಳು ಹಳೆಯ ಕಸುಬಿನ ಲೆಕ್ಕಕ್ಕೇ ಬಂದಿರಲಿಲ್ಲ. ಒಂದು ತೆಂಗು, ಇನ್ನೊಂದು ಮೂಡಣ ಗುಡ್ಡಗಳ ರಬ್ಬರ್. ತೆಂಗಿನ ಕಾಂಡದ ಹೊರಸುತ್ತು ಗಟ್ಟಿ, ಒಳಭಾಗ ಮೆದು. ಅಗಲ ಹಲಗೆ ಸೀಳಲಾಗದು. ರಬ್ಬರ್ ಮರ ಹಸಿಯಿರುವಾಗಲೇ ಶಿಲೀಂಧ್ರ ಮತ್ತು ಹುಳುಗಳಿಗೆ ತುತ್ತಾಗುತ್ತದೆ. 1957ರಲ್ಲಿ ಆರಂಭವಾದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಈ ಎರಡು ಮರಗಳಿಗೂ ರಾಸಾಯನಿಕ ಸಂರಕ್ಷಣೆ ಕೊಟ್ಟು, ಮೇಲೆ ಗಾಜುನಾರಿನ ಹೊದಿಕೆ ಹಾಕಿ ಮೀನುಗಾರಿಕೆಯ ದೋಣಿಗಳನ್ನು ಕಟ್ಟಿ ತೋರಿಸಿತು. ಮರದ ಸ್ವಂತ ಬಾಳಿಕೆ ಕಡಿಮೆಯಿದ್ದರೂ ಹೊದಿಕೆ ಗಟ್ಟಿಯಿದ್ದರೆ ದೋಣಿ ನಿಲ್ಲಬಲ್ಲದು ಎಂಬುದಕ್ಕೆ ಆ ದೋಣಿಗಳಿಗಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾಗಿ 1970ರಲ್ಲಿ ರಾಷ್ಟ್ರಮಟ್ಟಕ್ಕೇರಿದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕಾಸರಗೋಡಿನಲ್ಲೇ ಇದೆ. ಮುದಿ ತೆಂಗುಗಳನ್ನು ಕಡಿದು ಹೊಸ ಸಸಿ ನೆಡುವ ಈ ಊರುಗಳಲ್ಲಿ ತೆಂಗಿನ ಮರಕ್ಕೆ ಕೊರತೆಯಿಲ್ಲ.

ವಿಧಗಳು

ಕೊರೆದ ದೋಣಿಯ ಕೆಲಸ ಕೊಡಲಿ, ಬಾಚಿ, ಉಳಿ ಈ ಮೂರರಲ್ಲಿ ಮುಗಿಯುತ್ತದೆ. ದಿಮ್ಮಿಯ ಹೊರಮೈಯನ್ನು ಮೊದಲು ರೂಪಕ್ಕೆ ತಂದು, ಬಳಿಕ ಒಳಗನ್ನು ತೋಡುತ್ತಾರೆ. ಅಡಿ ದಪ್ಪ, ಬದಿ ತೆಳು; ಬದಿಗಳು ಒಳಕ್ಕೆ ಬಾಗದಂತೆ ಅಡ್ಡಮರಗಳನ್ನು ಕೊಡುತ್ತಾರೆ. ಕೀಲೇ ಇಲ್ಲದ ಕಾರಣ ನೀರು ಒಳಬರುವ ದಾರಿಯೂ ಇಲ್ಲ. ಬಿರುಕು ಬಿಟ್ಟರೆ ಮಾತ್ರ ತೊಂದರೆ. ಬಿರುಕಿಗೆ ತಗಡು ಅಥವಾ ಹಲಗೆಯ ತೇಪೆ ಸಾಕು.

ಹೊಲಿದ ದೋಣಿಯಲ್ಲಿ ಹಲಗೆಗಳನ್ನು ಅಂಚಿಗೆ ಅಂಚು ನಿಲ್ಲಿಸಿ, ಎರಡೂ ಅಂಚುಗಳಲ್ಲಿ ಬೈರಿಗೆಯಿಂದ ಸಾಲುತೂತು ಕೊರೆದು, ಸಂದಿನ ಮೇಲೆ ತೆಂಗಿನ ನಾರಿನ ಮೆತ್ತೆಯಿಟ್ಟು, ಕತ್ತದ ಹುರಿಯಿಂದ ಬಿಗಿಯಾಗಿ ಹೊಲಿಯುತ್ತಾರೆ. ತೂತುಗಳಿಗೆ ಬೆಣೆ ಹೊಡೆದು, ಸಂದಿಗೆ ಎಣ್ಣೆಯಲ್ಲಿ ಕಾಯಿಸಿದ ರಾಳ ತುಂಬುತ್ತಾರೆ. ನಾರು ನೆನೆದಾಗ ಉಬ್ಬಿ ಸಂದನ್ನು ಮುಚ್ಚುವುದು ಇದರ ಗುಟ್ಟು. ದೋಣಿ ನೀರಿನಲ್ಲಿದ್ದಷ್ಟೂ ಸಂದು ಬಿಗಿ, ದಡದಲ್ಲಿ ಒಣಗಿದಷ್ಟೂ ಸಡಿಲ. ಹುರಿ ಸವೆಯುವುದರಿಂದ ಕಾಲಕಾಲಕ್ಕೆ ಹೊಲಿಗೆ ಬಿಚ್ಚಿ ಮತ್ತೆ ಹಾಕಬೇಕು. ಇದು ದೋಷವೂ ಹೌದು, ಅನುಕೂಲವೂ ಹೌದು: ಹೊಲಿಗೆ ಬಿಚ್ಚಿದಾಗ ಕೊಳೆತ ಹಲಗೆಯೊಂದನ್ನೇ ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟುಕೊಳ್ಳಬಹುದು. ಮೊಳೆಯ ಹಲಗೆ ದೋಣಿಯಲ್ಲಿ ಈ ಸೌಲಭ್ಯ ಕಡಿಮೆ. ಅಲ್ಲಿ ಒಳಗಿನ ಪಕ್ಕೆಮರಗಳಿಗೆ ಹಲಗೆಗಳನ್ನು ಮೊಳೆಯಿಂದ ಬಿಗಿದು, ಸಂದಿಗೆ ಹತ್ತಿಯ ಬತ್ತಿ ತುರುಕುತ್ತಾರೆ. ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ. ತಾಮ್ರದ ಮೊಳೆ ಉಳಿಯುತ್ತದೆ, ಬೆಲೆ ಹೆಚ್ಚು.

ಕಡಲದರ್ಜೆಯ ಪ್ಲೈವುಡ್‌ನಿಂದ ಕಟ್ಟಿ ಮೇಲೆ ಗಾಜುನಾರು ಹೊದೆಸಿದ ದೋಣಿಗಳು 1980ರ ದಶಕದಿಂದ ಕನ್ಯಾಕುಮಾರಿ ಮತ್ತು ತೆಂಕಣ ಕೇರಳದಲ್ಲಿ ಹಬ್ಬಿದವು. ಈ ಪ್ಲೈವುಡ್‌ಗೆ ಭಾರತೀಯ ಮಾನಕ 710 ಅನ್ವಯ. ಪ್ಲೈವುಡ್ ಹಾಳೆ ಒಂದು ದಿಕ್ಕಿಗೆ ಬಾಗುತ್ತದೆ, ಎರಡು ದಿಕ್ಕಿಗೆ ಒಟ್ಟಿಗೆ ಬಾಗದು. ಆದ್ದರಿಂದ ಅಂಥ ದೋಣಿಗೆ ಮೂಲೆಗಳು ಅನಿವಾರ್ಯ. ಗುಂಡು ಮೈ ಬೇಕಾದರೆ ಮರವನ್ನು ಇನ್ನೂ ಕಿರಿದಾಗಿ ಸೀಳಬೇಕು. ಅಲ್ಲಿಗೆ ಪಟ್ಟಿ ದೋಣಿ.

ಪಟ್ಟಿ ದೋಣಿಯ ರಚನೆ

ಪಟ್ಟಿ ದೋಣಿ ಈ ಕರಾವಳಿಯ ಹುಟ್ಟಲ್ಲ. ಕೆನಡಾದ ಒಂಟಾರಿಯೊ ಪ್ರಾಂತದ ಪೀಟರ್‌ಬರೊ ಸುತ್ತ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಿರುಪಟ್ಟಿಗಳಿಂದ ದೋಣಿ ಕಟ್ಟುವ ಕಾರ್ಖಾನೆಗಳಿದ್ದವು. 20ನೆಯ ಶತಮಾನದ ನಡುವಿನಲ್ಲಿ ಗಾಜುನಾರಿನ ಬಟ್ಟೆ ಸೇರಿದಾಗ ಒಳಗಿನ ಪಕ್ಕೆಮರಗಳು ಬೇಡವಾದವು, ಮನೆಯಲ್ಲೇ ಕಟ್ಟುವುದು ಸಾಧ್ಯವಾಯಿತು. 1983ರಲ್ಲಿ ಟೆಡ್ ಮೂರ್ಸ್ ಮತ್ತು ಮೆರಿಲಿನ್ ಮೊಹ್ರ್ ಹೊರತಂದ ಕನೂಕ್ರಾಫ್ಟ್ ಎಂಬ ಕೈಪಿಡಿ ಈ ಕ್ರಮವನ್ನು ಜಗತ್ತಿನ ಹವ್ಯಾಸಿಗಳಿಗೆ ತಲುಪಿಸಿತು.

ಕಟ್ಟುವಾಗ ದೋಣಿ ಬೋರಲಾಗಿರುತ್ತದೆ. ನೇರವಾದ ಉದ್ದಪೀಠವೊಂದರ ಮೇಲೆ ಸುಮಾರು 30 ಸೆಂ.ಮೀ.ಗೊಂದರಂತೆ ಅಚ್ಚುಹಲಗೆಗಳನ್ನು ನಿಲ್ಲಿಸುತ್ತಾರೆ. ಪ್ರತಿ ಅಚ್ಚೂ ಆ ಜಾಗದಲ್ಲಿ ದೋಣಿಯ ಅಡ್ಡಸೀಳಿನ ಆಕಾರದ್ದು. 4.9 ಮೀಟರ್, ಅಂದರೆ 16 ಅಡಿಯ ದೋಣಿಗೆ ಹದಿನೈದರಷ್ಟು ಅಚ್ಚುಗಳು ಬೇಕು. ಒಂದು ಅಚ್ಚು ಬೆರಳಗಲ ಓರೆಯಾದರೂ ಆ ಓರೆ ಕೊನೆಯವರೆಗೆ ಉಳಿಯುತ್ತದೆ. ಆದ್ದರಿಂದ ನೂಲು ಹಿಡಿದು ಸಾಲು ಸರಿಮಾಡುವುದಕ್ಕೆ ಪಟ್ಟಿ ಕೂರಿಸುವುದಕ್ಕಿಂತ ಹೆಚ್ಚು ತಾಳ್ಮೆ ಬೇಕು. ಪಟ್ಟಿಗಳು 6 ಮಿ.ಮೀ. ದಪ್ಪ, 19 ರಿಂದ 22 ಮಿ.ಮೀ. ಅಗಲ. ಒಂದಂಚು ಉಬ್ಬಾಗಿ, ಇನ್ನೊಂದಂಚು ತಗ್ಗಾಗಿ ಕೆತ್ತಿದರೆ ಬಾಗುವಲ್ಲೂ ಸಂದು ತೆರೆಯದು. ಚೌಕಂಚಿನ ಪಟ್ಟಿಯಾದರೆ ಪ್ರತಿ ಪಟ್ಟಿಯ ಅಂಚನ್ನೂ ಕೀಸುಳಿಯಿಂದ ಓರೆ ಹೊಡೆಯಬೇಕು. ಉದ್ದದ ಪಟ್ಟಿ ಸಿಗದಿದ್ದಲ್ಲಿ ತುದಿಗಳನ್ನು ದಪ್ಪದ ಎಂಟು ಪಾಲಿನಷ್ಟು ಉದ್ದಕ್ಕೆ ಓರೆಯಾಗಿ ಸೀಳಿ ಅಂಟಿಸುತ್ತಾರೆ. ಪಟ್ಟಿಯಿಂದ ಪಟ್ಟಿಗೆ ಫೆವಿಕಾಲ್ ಬಗೆಯ ಬಿಳಿ ಮರಗೋಂದು ಸಾಕು, ಏಕೆಂದರೆ ನೀರು ತಡೆಯುವ ಹೊಣೆ ಅದರದಲ್ಲ. ದೋಣಿಯ ನಡುಭಾಗದ ಸುತ್ತಳತೆ 1.3 ಮೀಟರ್ ಇದ್ದರೆ 19 ಮಿ.ಮೀ. ಪಟ್ಟಿಗಳು ಸುಮಾರು 68 ಬೇಕಾಗುತ್ತವೆ, ಎಂದರೆ 300 ಮೀಟರಿಗೂ ಮೀರಿದ ಕೀಲು. ಕೊರೆದ ದೋಣಿಯಲ್ಲಿ ಸೊನ್ನೆಯಿದ್ದದ್ದು ಇಲ್ಲಿ ಮುನ್ನೂರಾಯಿತು.

ಹೊದಿಕೆಯಿಲ್ಲದ ಪಟ್ಟಿಗೂಡು ಮೊಣಕೈ ಊರಿದರೆ ಸೀಳುತ್ತದೆ, ಏಕೆಂದರೆ ಎಳೆಗೆ ಅಡ್ಡಲಾಗಿ ಮರಕ್ಕೆ ಬಲ ಬಹಳ ಕಡಿಮೆ. ಒಳಗೂ ಹೊರಗೂ ಚದರ ಮೀಟರಿಗೆ 200 ಗ್ರಾಂ ತೂಗುವ ಗಾಜುನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ತೋಯಿಸಿ ಹೊದೆಸಿದಾಗ, ಎಳೆತ ಮತ್ತು ಒತ್ತಡವನ್ನು ಒಳಗಿನ ಹೊರಗಿನ ಹೊದಿಕೆಗಳೆಂಬ ಎರಡು ಚರ್ಮಗಳು ಹೊರುತ್ತವೆ. ಅವನ್ನು ದೂರ ಹಿಡಿದಿಡುವ ಕೆಲಸ ಮರದ್ದು. ಒಂದೇ ಬದಿಗೆ ಹೊದೆಸಿದರೆ ತೇವ ಬದಲಾದಂತೆ ಮೈ ಡೊಂಕಾಗುತ್ತದೆ. ಇಲ್ಲಿ ಎರಡನೆಯ ಆಕ್ಷೇಪ ಏಳುವುದು ಸಹಜ: ಬಲವೆಲ್ಲ ಚರ್ಮದ್ದಾದರೆ ಮರವೇಕೆ, ಪೂರ್ತಿ ಫೈಬರ್ ದೋಣಿಯೇ ಸಾಲದೇ? ತೆಳು ಚರ್ಮಗಳೆರಡನ್ನು ಮರವಿಲ್ಲದೆ ಒಟ್ಟಿಗೆ ಅಂಟಿಸಿದರೆ ಅದು ಬಗ್ಗುವ ಹಾಳೆ. ಅಷ್ಟೇ ಬಿಗಿಯನ್ನು ಬರಿಯ ಗಾಜುನಾರಿನಿಂದ ಪಡೆಯಲು ಹಲವು ಪದರ ಸೇರಿಸಬೇಕು, ತೂಕ ಏರುತ್ತದೆ. ಜೊತೆಗೆ ಅದಕ್ಕೊಂದು ಪೂರ್ಣ ಅಚ್ಚು ಬೇಕು. ಒಂದೇ ಅಚ್ಚಿನಿಂದ ನೂರು ದೋಣಿ ತೆಗೆಯುವ ಕಾರ್ಖಾನೆಗೆ ಅದು ಲಾಭ, ಒಂದೇ ದೋಣಿ ಕಟ್ಟುವ ಮನೆಗಲ್ಲ. ಪಟ್ಟಿ ದೋಣಿಯಲ್ಲಿ ಮರವೇ ಅಚ್ಚು, ಮರವೇ ತಿರುಳು.

ಕೆನಡಾದ ಕೈಪಿಡಿಗಳು ಹೇಳುವ ಕೆಂಪು ಸೀಡರ್ ಇಲ್ಲಿ ಬೆಳೆಯುವುದಿಲ್ಲ. ಬದಲಿಗೆ ಹೆಬ್ಬಲಸು ಬಳಸಿದರೆ ತೂಕವೆಷ್ಟು ಏರುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. 16 ಅಡಿಯ ದೋಣಿಯ ಮೈ ಸುಮಾರು 6 ಚದರ ಮೀಟರ್, 6 ಮಿ.ಮೀ. ದಪ್ಪಕ್ಕೆ 0.036 ಘನ ಮೀಟರ್ ಮರ. ಘನ ಮೀಟರಿಗೆ 370 ಕಿ.ಗ್ರಾಂ. ತೂಗುವ ಸೀಡರ್‌ನಲ್ಲಿ ಅದು 13 ಕಿ.ಗ್ರಾಂ., 560 ತೂಗುವ ಹೆಬ್ಬಲಸಿನಲ್ಲಿ 20. ವ್ಯತ್ಯಾಸ 7 ಕಿ.ಗ್ರಾಂ. ಒಬ್ಬನೇ ಹೆಗಲ ಮೇಲೆ ಹೊತ್ತು ಕೆರೆಯಿಂದ ಕೆರೆಗೆ ಸಾಗುವ ಕೆನಡಾದ ಬಳಕೆಯಲ್ಲಿ ಇದು ದೊಡ್ಡದು. ಅಂಗಳದಿಂದ ಕಡವಿಗೆ ಇಬ್ಬರು ಎತ್ತಿಕೊಂಡು ಹೋಗುವಲ್ಲಿ ಅಷ್ಟೇನಲ್ಲ. ಪಟ್ಟಿಯನ್ನು 5 ಮಿ.ಮೀ.ಗೆ ಇಳಿಸಿದರೆ 3 ಕಿ.ಗ್ರಾಂ. ಮರಳಿ ಸಿಗುತ್ತದೆ, ಆದರೆ ಕೀಸಿ ನಯಗೊಳಿಸಲು ಉಳಿಯುವ ದಪ್ಪ ಕಡಿಮೆಯಾಗುತ್ತದೆ.

ಮೈಲೇಪ ಮತ್ತು ಮುಕ್ತಾಯದ ಕೆಲಸ

ಹಳೆಯ ದೋಣಿಗಳ ಲೇಪ ಎರಡು ಶತ್ರುಗಳ ವಿರುದ್ಧ. ಒಂದು, ಒಣಗುವಿಕೆ ನೆನೆಯುವಿಕೆಗಳ ಸರದಿಯಿಂದ ಬರುವ ಬಿರುಕು. ಇನ್ನೊಂದು, ಉಪ್ಪುನೀರಿನಲ್ಲಿ ಮರ ಕೊರೆದು ಒಳಗೇ ಬೆಳೆಯುವ ಹಡಗುಹುಳು. ಹೆಸರಿಗೆ ಹುಳುವಾದರೂ ಅದು ಚಿಪ್ಪುಜೀವಿ, ಮರುವಾಯಿಯ ದೂರದ ನೆಂಟ. ಹೊರಗಿನಿಂದ ಸೂಜಿಮೊನೆಯಷ್ಟು ತೂತು ಕಂಡರೂ ಒಳಗೆ ಹಲಗೆ ಜಾಲರಿಯಾಗಿರುತ್ತದೆ. ಬೂತಾಯಿ ಮೀನಿನ ಎಣ್ಣೆ, ಹೊನ್ನೆ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಧೂಪದ ರಾಳ ಇವು ಕರಾವಳಿಯ ಲೇಪದ್ರವ್ಯಗಳು. ಇವುಗಳಲ್ಲಿ ಗೇರು ಹೊಸದು. ಮರವನ್ನು ಪೋರ್ಚುಗೀಸರು 16ನೆಯ ಶತಮಾನದಲ್ಲಿ ತಂದದ್ದರಿಂದ ಅದರ ಎಣ್ಣೆಯ ಲೇಪ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಮೀನೆಣ್ಣೆಗೆ ಮಾರ್ಕೊ ಪೋಲೊನ ಕಾಲದ ಸಾಕ್ಷ್ಯವಿದೆ. ಗೇರೆಣ್ಣೆಯಲ್ಲಿರುವ ಫೀನಾಲ್ ವರ್ಗದ ವಸ್ತುಗಳು ಗಾಳಿಯಲ್ಲಿ ಗಟ್ಟಿಯಾಗಿ ಕಪ್ಪು ಪೊರೆಯಾಗುತ್ತವೆ, ಹುಳುಗಳಿಗೆ ಒಗ್ಗುವುದಿಲ್ಲ. ಮನುಷ್ಯರ ಚರ್ಮವನ್ನೂ ಸುಡುವುದರಿಂದ ಕೈಗವಸು ಬೇಕು. ಎಣ್ಣೆಯ ಲೇಪ ಮರದೊಳಕ್ಕೆ ಇಳಿಯುತ್ತದೆ, ಮೇಲೆ ಪೂರ್ತಿ ಮುಚ್ಚಳವಾಗುವುದಿಲ್ಲ. ಮರ ಉಸಿರಾಡುತ್ತಲೇ ಇರುತ್ತದೆ, ಲೇಪ ಸವೆಯುತ್ತಲೇ ಇರುತ್ತದೆ. ಆದ್ದರಿಂದ ಅದನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ಬಳಿಯಬೇಕು. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ಮಡಲು ಹೊದೆಸಿಡುವುದೂ ಈ ಆರೈಕೆಯ ಭಾಗವೇ.

ಪಟ್ಟಿ ದೋಣಿಯ ಲೇಪದ ತತ್ತ್ವ ಇದಕ್ಕೆ ತಿರುಗುಮುರುಗು: ಮರವನ್ನು ನೀರಿನಿಂದಲೂ ಆವಿಯಿಂದಲೂ ಪೂರ್ತಿ ಮುಚ್ಚುವುದು. ಮುಚ್ಚುವ ಹೊತ್ತಿಗೆ ಒಳಗೆ ಎಷ್ಟು ತೇವವಿದೆಯೋ ಅಷ್ಟು ಒಳಗೇ ಉಳಿಯುತ್ತದೆ. ಇದೇ ಕಾರಣಕ್ಕೆ ಮೂರನೆಯ ಆಕ್ಷೇಪ: ಮಳೆನಾಡಿಗೆ ಈ ಕ್ರಮ ಹೊಂದದು. ಗಾಳಿಯ ತೇವ ಶೇ. 90ರ ಹತ್ತಿರವಿದ್ದಾಗ ಮರದ ತೇವ ಶೇ. 20ರ ಸುತ್ತ ನಿಲ್ಲುತ್ತದೆ, ಎಪಾಕ್ಸಿಗೆ ಶೇ. 12ರ ಆಸುಪಾಸು ಬೇಕು. ಆಕ್ಷೇಪ ಜುಲೈ ತಿಂಗಳಿಗೆ ಸರಿ, ಕರಾವಳಿಗೆ ಅಲ್ಲ. ಮಳೆ ಕಳೆದು ಮರವನ್ನು ನೆರಳಲ್ಲಿ ಒಟ್ಟಿಟ್ಟು, ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೆಲಸ ಹಿಡಿದರೆ ಶೇ. 12 ಸಿಗುವಂಥದೇ. ಏಪ್ರಿಲ್ ಮೇ ತಿಂಗಳುಗಳ ತೊಡಕು ಬೇರೆ. ಸೆಕೆಯಲ್ಲಿ ಕಲಸಿದ ಎಪಾಕ್ಸಿ ಬೇಗ ಬಿಸಿಯಾಗಿ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಅಗಲ ತಟ್ಟೆಯಲ್ಲಿ ಹರಡಿಟ್ಟುಕೊಳ್ಳಬೇಕು.

ಲೇಪಕ್ಕೆ ಹೊತ್ತು ಆರಿಸುವುದು ಎಲ್ಲಕ್ಕಿಂತ ಮುಖ್ಯ. ಬೆಳಿಗ್ಗೆ ಬಿಸಿಲೇರುವಾಗ ಮರದ ರಂಧ್ರಗಳ ಗಾಳಿ ಹಿಗ್ಗಿ ಹೊರಬಂದು ಎಪಾಕ್ಸಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಮಧ್ಯಾಹ್ನ ಕಳೆದು ತಾಪ ಇಳಿಯುವಾಗ ಅದೇ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಕ್ಕೆಳೆಯುತ್ತದೆ. ಹಾಗಾಗಿ ಸಂಜೆ ಹೊತ್ತೇ ಸರಿ. ಮೊದಲು ಮೈಯನ್ನು ಕೀಸುಳಿಯಿಂದಲೂ ಸ್ಯಾಂಡ್‌ಪೇಪರಿನಿಂದಲೂ ಉಬ್ಬುತಗ್ಗಿಲ್ಲದಂತೆ ಮಾಡಿ, ಬಟ್ಟೆ ಹಾಸಿ, ಅದು ಪಾರದರ್ಶಕವಾಗುವಷ್ಟೇ ಎಪಾಕ್ಸಿ ಕುಡಿಸುತ್ತಾರೆ. ಹೆಚ್ಚಾದರೆ ಬಟ್ಟೆ ತೇಲಿ ತೂಕ ಏರುತ್ತದೆ, ಕಡಿಮೆಯಾದರೆ ಬಿಳಿಚುಕ್ಕೆಗಳುಳಿದು ಅಲ್ಲೇ ನೀರು ನುಗ್ಗುತ್ತದೆ. ನೇಯ್ಗೆಯ ತಗ್ಗುಗಳು ತುಂಬಲು ಮತ್ತೆರಡು ಪದರ ಬೇಕು. ತೇವದ ಗಾಳಿಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಕೂರುತ್ತದೆ. ಅದನ್ನು ನೀರಿನಿಂದ ತೊಳೆಯದೆ ಉಜ್ಜಿದರೆ ಮುಂದಿನ ಪದರ ಹಿಡಿಯದು. ಕೊನೆಯದು ವಾರ್ನಿಷ್. ಎಪಾಕ್ಸಿ ನೀರಿಗೆ ಹೆದರದಿದ್ದರೂ ಬಿಸಿಲಿನ ನೇರಳಾತೀತ ಕಿರಣಕ್ಕೆ ಹಳದಿಯಾಗಿ ಪುಡಿಯಾಗುತ್ತದೆ. ಕಿರಣ ತಡೆಯುವ ವಾರ್ನಿಷ್ ಮೂರು ನಾಲ್ಕು ಪದರ ಹಾಕಿ, ಅದು ಮಂಕಾದಾಗ ಮತ್ತೆ ಬಳಿಯಬೇಕು. ಎಂದರೆ ಆಧುನಿಕ ಹೊದಿಕೆಯೂ ವಾರ್ಷಿಕ ಆರೈಕೆಯಿಂದ ಬಿಡುಗಡೆ ಕೊಡುವುದಿಲ್ಲ. ಮೀನೆಣ್ಣೆಯ ಜಾಗಕ್ಕೆ ವಾರ್ನಿಷ್ ಬಂದಿದೆ. ಕಲ್ಲಿಗೆ ಉಜ್ಜಿ ಬಟ್ಟೆಯವರೆಗೆ ಗಾಯವಾದರೆ ಅದನ್ನು ಒಣಗಿಸಿ ತೇಪೆ ಹಾಕುವವರೆಗೆ ದೋಣಿಯನ್ನು ನೀರಿಗಿಳಿಸಬಾರದು, ಏಕೆಂದರೆ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ. ಹಡಗುಹುಳುವಿಗೂ ಆ ಗಾಯವೇ ಬಾಗಿಲು.

ಬಳಕೆ

ಮೊಗವೀರರು, ಬೋವಿಗಳು, ಮುಕ್ಕುವರು, ಮಾಪ್ಪಿಳರು ಈ ಕರಾವಳಿಯ ಮೀನುಗಾರಿಕೆಯಲ್ಲಿ ದೋಣಿ ನಡೆಸಿದವರು; ಹೊಳೆ ದಾಟಿಸುವವರಿಗೆ ಕನ್ನಡದಲ್ಲಿ ಅಂಬಿಗರೆಂಬ ಹೆಸರು. ಹಿನ್ನೀರಿನ ಸಣ್ಣ ದೋಣಿಗಳು ಬಲೆ ಬೀಸಲು, ಮರುವಾಯಿ ಹೆಕ್ಕಲು, ನೆನೆಹಾಕಿದ ತೆಂಗಿನ ಸಿಪ್ಪೆ ಸಾಗಿಸಲು ಒದಗುತ್ತ ಬಂದಿವೆ. ಪಡನ್ನ ಸುತ್ತಲ ಹಿನ್ನೀರಿನಲ್ಲಿ 1990ರ ದಶಕದ ಕೊನೆಯಿಂದ ಬೆಳೆದ ಪಚ್ಚಿಲೆ ಎಂಬ ಚಿಪ್ಪುಜೀವಿಯ ಕೃಷಿಗೂ ಇಂಥ ದೋಣಿಗಳೇ ಬೇಕು: ಬಿತ್ತನೆಯ ಹಗ್ಗಗಳನ್ನು ಬಿದಿರಿನ ಚಪ್ಪರಕ್ಕೆ ತೂಗುಬಿಡುವಾಗಲೂ ಕೊಯ್ಲಿನ ಭಾರ ತರುವಾಗಲೂ. ತೇಜಸ್ವಿನಿಯ ಅಚ್ಚಾಂತುರುತ್ತಿಯಲ್ಲಿ ನಡೆಯುವ ಉತ್ತರ ಮಲಬಾರ್ ಜಲೋತ್ಸವದಲ್ಲಿ 15 ಮತ್ತು 25 ಮಂದಿ ಹುಟ್ಟು ಹಾಕುವ ಉದ್ದನೆಯ ದೋಣಿಗಳು ಓಡುತ್ತವೆ.

ಪಟ್ಟಿ ದೋಣಿಗೆ ಹೊಯ್ಗೆ ಹೊರುವ, ಚಿಪ್ಪಿನ ಮೇಲೆ ಎಳೆದಾಡುವ ಕೆಲಸ ಹೇಳಿದ್ದಲ್ಲ. ಇಬ್ಬರು ಕುಳಿತು ಹಿನ್ನೀರಿನಲ್ಲಿ ಸಾಗಲು, ಸಣ್ಣ ಬಲೆ ಬೀಸಲು ಅದು ತಕ್ಕದ್ದು. ಕಟ್ಟಲು ಹೆಚ್ಚು ದಿನ ಹಿಡಿಯುತ್ತದೆ, ಎಪಾಕ್ಸಿಗೂ ಬಟ್ಟೆಗೂ ಮರಕ್ಕಿಂತ ಹೆಚ್ಚು ಹಣ ಬೇಕು. ಈ ಕೊರತೆಗಳನ್ನು ಮರೆಮಾಚಿ ಅದನ್ನು ಮೀನುಗಾರನ ದೋಣಿಗೆ ಪರ್ಯಾಯವೆಂದು ಹೇಳುವುದು ಸರಿಯಲ್ಲ.

ಈಗಿನ ಸ್ಥಿತಿ

1980ರ ದಶಕದಲ್ಲಿ ಕೇರಳದ ಕರಾವಳಿಗೆ ಹೊರಎಂಜಿನ್ ಬಂದದ್ದು, ಆ ಬಳಿಕ ಫೈಬರ್ ದೋಣಿಗಳು ಹಬ್ಬಿದ್ದು ಮರದ ದೋಣಿಯ ಸ್ಥಾನವನ್ನು ಕುಗ್ಗಿಸಿದವು. ಎಂಜಿನ್ನಿನ ನಡುಕ ಹೊಲಿಗೆಯನ್ನೂ ಮೊಳೆಯನ್ನೂ ಸಡಿಲಿಸುತ್ತದೆ. ಕೀಲಿಲ್ಲದ ಫೈಬರ್ ಮೈಗೆ ಆ ಭಯವಿಲ್ಲ. ವಲಿಯಪರಂಬದ ಜನರಿಗೆ ಆಯಿಟ್ಟಿಯಿಂದ ರಾಜ್ಯ ಜಲಸಾರಿಗೆ ಇಲಾಖೆಯ ಬೋಟುಗಳಿವೆ. ದೋಣಿಗಳ ನೋಂದಣಿ ಮತ್ತು ಸುರಕ್ಷತೆಗೆ 2010ರ ಕೇರಳ ಒಳನಾಡು ಜಲಯಾನ ನಿಯಮಗಳೂ, ಎಂಜಿನ್ ಇಲ್ಲದ ದೋಣಿಗಳನ್ನೂ ಪ್ರತ್ಯೇಕ ಅಧ್ಯಾಯದಲ್ಲಿ ಒಳಗೊಂಡ 2021ರ ಒಳನಾಡು ನೌಕಾ ಅಧಿನಿಯಮವೂ ಇವೆ. ಮನೆಯಲ್ಲಿ ದೋಣಿ ಕಟ್ಟುವವರು ನೀರಿಗಿಳಿಸುವ ಮೊದಲು ಸ್ಥಳೀಯ ರೇವು ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ.

ಕೊರೆದ ದೋಣಿಗೆ ಮುಕ್ಕಾಲು ಮೀಟರಿಗೂ ಮೀರಿದ ಅಡ್ಡಳತೆಯ ದಿಮ್ಮಿ ಬೇಕು, ಅಂಥ ಹೆಬ್ಬಲಸು ತೋಟದಲ್ಲಿ ಬೆಳೆಯಲು ಎರಡು ಮೂರು ತಲೆಮಾರು ಹಿಡಿಯುತ್ತದೆ. 30 ಸೆಂ.ಮೀ. ಅಡ್ಡಳತೆಯ ದಿಮ್ಮಿ ಕೊರೆಯಲು ಆಗದು, ಅಗಲ ಹಲಗೆಗೂ ಆಗದು. ಗಂಟುಗಳನ್ನು ಬಿಟ್ಟು ಸೀಳಿದರೆ ಪಟ್ಟಿಗಳು ಸಿಗುತ್ತವೆ. 5 ಮೀಟರ್ ಉದ್ದದ ಅಂಥ ದಿಮ್ಮಿಯಲ್ಲಿ ಸುಮಾರು 0.35 ಘನ ಮೀಟರ್ ಮರವಿರುತ್ತದೆ. ಗರಗಸದ ಪುಡಿಗೂ ಬಿಳಿಮರಕ್ಕೂ ಗಂಟಿಗೂ ಮುಕ್ಕಾಲು ಪಾಲು ಹೋದರೂ ಎರಡು ದೋಣಿಗಾಗುವಷ್ಟು ಉಳಿಯುತ್ತದೆ.